ಒಂಬತ್ತು ಸೆಂಟಿಮೀಟರ್

ಪ್ರವೇಶ ಪರೀಕ್ಷೆಯಲ್ಲಿ ನನಗೆ ಮೂವತ್ತಕ್ಕೆ ಎಂಟು ಅಂಕ ಬಂದಿತ್ತು. ಅದನ್ನು ಮನೆಯಲ್ಲಿ ಹೇಳಿದ ಸಂಜೆ ಊಟಕ್ಕೆ ಆಲೂಗಡ್ಡೆ ಬೇಯಿಸಿದ್ದೆ. ಉಪ್ಪು ಹಾಕುವುದು ಮರೆತುಹೋಗಿತ್ತು.

"ಎಂಟಾ?" ಎಂದಳು ಮಗಳು. "ಅಮ್ಮ, ಕಣ್ಣು ಮುಚ್ಕೊಂಡು ಟಿಕ್ ಹಾಕಿದ್ರೂ ಅಷ್ಟು ಬರುತ್ತೆ."

"ನಾನು ಕಣ್ಣು ಬಿಟ್ಕೊಂಡೇ ಹಾಕಿದ್ದು."

"ಹದಿನೆಂಟು ವರ್ಷದ ಹಿಂದಿನ ಡಿಗ್ರಿ ಕಣೇ ಅದು," ಎಂದರು ಮಾವ, ಮೊಮ್ಮಗಳಿಗೆ. "ಅಟ್ಟದ ಮೇಲಿದೆ. ಇಳಿಸಿ ಧೂಳು ಹೊಡೀಬೇಕಲ್ಲ."

ಗಂಡ ಉಪ್ಪಿನ ಡಬ್ಬಿ ಎಳೆದುಕೊಂಡರು. "ಸೇರಿಸ್ಕೊಂಡ್ರೋ ಇಲ್ವೋ, ಅದನ್ನ ಹೇಳು."

ತರಬೇತಿಗೆ ಸೇರಿಸಿಕೊಂಡಿದ್ದರು. ನಾನು ನೀರು ಸರಬರಾಜು ಕಚೇರಿಯಲ್ಲಿ ಗುತ್ತಿಗೆಯ ಮೇಲಿರುವ ಆರು ಮಂದಿ ನಮೂನೆ ಸಂಗ್ರಹಿಸುವವರಲ್ಲಿ ಒಬ್ಬಳು. ದಿನಕ್ಕೆ ಹದಿನಾಲ್ಕು ಕಡೆಯ ನಲ್ಲಿಗಳಿಂದ ಬಾಟಲಿಯಲ್ಲಿ ನೀರು ಹಿಡಿದು, ಕ್ಲೋರಿನ್ ಎಷ್ಟಿದೆ ಎಂದು ನೋಡಿ ಬರೆಯುವುದು ಕೆಲಸ. ಬೀದಿಗಳಲ್ಲಿ ನನ್ನನ್ನು ಬಾಟಲಿ ಮೇಡಂ ಎನ್ನುತ್ತಾರೆ. ಮೂರು ತಿಂಗಳಲ್ಲಿ ಆ ಹದಿನಾಲ್ಕು ಕಡೆಯೂ ತಾನಾಗಿ ಅಳೆಯುವ ಯಂತ್ರ ಬರುವುದಿತ್ತು. ಆರು ಮಂದಿಯಲ್ಲಿ ನಾಲ್ವರು ಮನೆಗೆ, ಇಬ್ಬರು ಹೊಸ ವಿಭಾಗಕ್ಕೆ. ಟ್ಯಾಂಕಿನಿಂದ ಹೊರಟ ನೀರಿನ ಕ್ಲೋರಿನ್ ಯಾವ ಬೀದಿಗೆ ಹೋಗುವಷ್ಟರಲ್ಲಿ ಎಷ್ಟು ಇಳಿದಿರುತ್ತದೆ ಎಂದು ಮೊದಲೇ ಲೆಕ್ಕದಲ್ಲಿ ಹೇಳುವ ವಿಭಾಗ ಅದು. ಅದಕ್ಕೆ ಹತ್ತು ವಾರ, ಶನಿವಾರ ಶನಿವಾರ, ವೈಜ್ಞಾನಿಕ ಮಾದರಿ ಕಟ್ಟುವುದನ್ನು ಕಲಿಸುತ್ತಿದ್ದರು. ಕೊನೆಗೆ ತಮ್ಮ ತಮ್ಮ ಮನೆಯಲ್ಲಿ ನಡೆಯುವ ಯಾವುದಾದರೊಂದು ಸಂಗತಿಯ ಮಾದರಿ ಕಟ್ಟಿ, ಮುಂದಾಗುವುದನ್ನು ಹೇಳಿ, ಇಬ್ಬರು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು.

"ಮಾದರಿ ಅಂದ್ರೆ ಇಡೀ ಜಗತ್ತನ್ನ ಬರೆಯೋದಲ್ಲ," ಎಂದರು ತರಬೇತಿಯ ಮೇಡಂ ಮೊದಲ ದಿನ. ನನಗಿಂತ ಹದಿನೈದು ವರ್ಷ ಚಿಕ್ಕವರು. "ಏನನ್ನ ಬಿಡಬೇಕು ಅಂತ ಕಲಿಯೋದು. ಆದ್ರೆ ಅದಕ್ಕೂ ಮುಂಚೆ ಗ್ರಾಫ್ ಎಳೆಯೋಕೆ ಬರಬೇಕು, ಅನುಪಾತ ಬರಬೇಕು, ಸಮೀಕರಣ ಬಿಡಿಸೋಕೆ ಬರಬೇಕು, ಲಾಗರಿದಮ್ ಅಂದ್ರೆ ಹೆದರಬಾರದು."

ನನಗೆ ನಾಲ್ಕೂ ಬರುತ್ತಿರಲಿಲ್ಲ. ನಾಲ್ಕನೆಯದಕ್ಕೆ ಹೆದರಿಕೆಯೂ ಇತ್ತು.

ಹೀಗೆ ದಿನಾ ಸಂಜೆ ಏಳರಿಂದ ಎಂಟರವರೆಗೆ ಊಟದ ಮೇಜು ನನ್ನದಾಯಿತು. ಪಾತ್ರೆ ಮಗಳ ಪಾಲಿಗೆ, ತರಕಾರಿ ತರುವುದು ಗಂಡನ ಪಾಲಿಗೆ ಹೋಯಿತು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಬಸ್ಸಿನಡಿ ಮಲಗಿ ಎದ್ದು ಬಂದವರು ಕೈಯಲ್ಲಿ ಚೀಲ ಹಿಡಿದು ಮತ್ತೆ ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಒಂದು ನಿಟ್ಟುಸಿರು ಬಿಡುತ್ತಿದ್ದರು, ನನಗೆ ಕೇಳಲೆಂದೇ.

"ಎರಡು ದಿನದಿಂದ ಬರೀ ಬ್ರೆಡ್ಡು, ಮೊಟ್ಟೆ," ಎಂದರು ಒಂದು ದಿನ.

"ಇನ್ನೊಂದು ಗಂಟೆ ತಾಳಿ ರೀ, ಬಿಸಿ ಮಾಡ್ತೀನಿ."

"ಗಂಟೆ ಗಂಟೆ ತಾಳಿ ಹತ್ತು ವಾರ. ಆಮೇಲೆ ಪಾಸಾಗದೆ ಹೋದ್ರೆ?"

"ಅಪ್ಪ, ಅಮ್ಮ ಸಮೀಕರಣದಲ್ಲಿದ್ದಾಳೆ, ಮಾತಾಡಿಸಬೇಡ," ಎಂದಳು ಮಗಳು. ನನಗೆ ಪಾಠ ಹೇಳುತ್ತಿದ್ದುದು ಅವಳೇ. ಕಾಲೇಜಿನ ಮೊದಲ ವರ್ಷ. ತಾಳ್ಮೆ ಅಪ್ಪನಿಂದ ಬಂದದ್ದು. "ಅಮ್ಮ, ಈ ಕಡೆಯಿಂದ ಆ ಕಡೆಗೆ ಹೋದ್ರೆ ಚಿಹ್ನೆ ಬದಲಾಗುತ್ತೆ. ಎಷ್ಟು ಸಲ ಹೇಳ್ಲಿ?"

"ಯಾಕೆ ಬದಲಾಗುತ್ತೆ ಅಂತ ಒಂದು ಸಲ ಹೇಳು, ಸಾಕು."

ಅದು ಅವಳಿಗೂ ಗೊತ್ತಿರಲಿಲ್ಲ. ಪೆನ್ನು ಮೇಜಿನ ಮೇಲೆಸೆದು ಟಿವಿ ಮುಂದೆ ಹೋಗಿ ಕೂತಳು. ಅಲ್ಲಿ ಮೂವರೂ ಏನಕ್ಕೋ ನಗುವುದು ಕೇಳಿಸುತ್ತಿತ್ತು. ನಾನು ಎರಡೂ ಕಡೆಯಿಂದ ಒಂದೇ ಸಂಖ್ಯೆ ಕಳೆದು ನೋಡಿದೆ, ಮತ್ತೆ ನೋಡಿದೆ. ಅರ್ಥವಾಯಿತು. ಎದ್ದು ಹೋಗಿ ಹೇಳೋಣವೆಂದರೆ ಅವರ ನಗು ಇನ್ನೂ ಮುಗಿದಿರಲಿಲ್ಲ.

ನಾಲ್ಕನೇ ವಾರ ಮಾಳಿಗೆ ಮೇಲಿನ ನೀರಿನ ಟ್ಯಾಂಕನ್ನು ನನ್ನ ವಿಷಯವಾಗಿ ಆರಿಸಿಕೊಂಡೆ. ಬೆಳಿಗ್ಗೆ ಆರಕ್ಕೆ ಪಂಪು ಹಾಕಿ ತುಂಬಿಸುತ್ತೇವೆ. ಎಂಟಕ್ಕೆ ನಾನು ಹೊರಡುವ ಮುಂಚೆ ಅಳೆಯುವುದು, ಸಂಜೆ ಆರಕ್ಕೆ ಬಂದ ಮೇಲೆ ಇನ್ನೊಮ್ಮೆ ಅಳೆಯುವುದು. ಹಗಲಲ್ಲಿ ಎಷ್ಟು ಇಳಿಯುತ್ತದೆಂದು ಮೊದಲೇ ಹೇಳಬಲ್ಲೆನೇ ಎಂಬುದು ಪ್ರಶ್ನೆ.

ಒಂದು ಸೆಂಟಿಮೀಟರಿಗೆ ಇಪ್ಪತ್ತೆರಡು ಲೀಟರ್ ಎಂದು ಲೆಕ್ಕ ಮಾಡಿ ತೋರಿಸಿದೆ.

"ಹಾಗಿದ್ರೆ ನಮ್ಮ ಟ್ಯಾಂಕಲ್ಲಿ ಎರಡು ಸಾವಿರ ಲೀಟರ್!" ಮಗಳು ಕೈ ತಟ್ಟಿದಳು. "ಬೀದಿಗೆಲ್ಲ ಮಾರಬಹುದು. ಅಮ್ಮ, ತ್ರಿಜ್ಯ ಅಂದ್ರೆ ಅರ್ಧ. ನೀನು ಪೂರ್ತಿ ಅಗಲ ಹಿಡಿದಿದ್ದೀಯ."

ಐದೂವರೆ ಲೀಟರ್ ಆಯಿತು.

ಅಳೆಯುವ ಕೋಲು ಮಾಡಿಕೊಟ್ಟವರು ಮಾವ. ನಲವತ್ತು ವರ್ಷ ಟೈಲರ್ ಆಗಿದ್ದವರು. ಹಳೆಯ ಅಳತೆ ಟೇಪನ್ನು ತೆಳುವಾದ ಪಟ್ಟಿಗೆ ಅಂಟಿಸಿ, ನೀರು ಹಿಡಿಯದಂತೆ ಎರಡು ಸಲ ವಾರ್ನಿಷ್ ಬಳಿದರು. ಅತ್ತೆ ಹೋದ ನಾಲ್ಕು ವರ್ಷದಲ್ಲಿ ಅವರು ಕೈಗೆ ಕೆಲಸ ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಟ್ಯಾಂಕಿನ ಅಳತೆ ಸುಲಭ ಕಣಮ್ಮ," ಎಂದರು. "ಜನರದ್ದೇ ಕಷ್ಟ. ಟೇಪ್ ತಗೊಂಡು ಹತ್ರ ಹೋದ್ರೆ ಸಾಕು, ಹೊಟ್ಟೆ ಒಳಗೆ ಎಳ್ಕೊಂಡ್‌ಬಿಡ್ತಾರೆ. ಆಮೇಲೆ ಪ್ಯಾಂಟ್ ಬಿಗಿ ಆಯ್ತು ಅಂತ ನನ್ನ ಮೇಲೆ ಜಗಳ."

ಐದನೇ ವಾರ ಸಮೀಕರಣ ಬರೆದೆ. ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ಎರಡು ಪಟ್ಟಿ ಮಾಡಬೇಕಿತ್ತು. ಬದಲಾಗದ್ದಕ್ಕೆ ಸ್ಥಿರಾಂಕ ಎನ್ನುತ್ತಾರೆ. ಮಗಳು ಕಾಲೇಜಿನಿಂದ ಮೂರೂವರೆಗೆ ಬಂದು ಕೈಕಾಲು ಮುಖ ತೊಳೆಯುವುದು, ಗೆಳತಿಯರನ್ನು ಕರೆತರುವುದು, ಇವೆಲ್ಲ ಬದಲಾಗುವ ಪಟ್ಟಿಗೆ ಹೋದವು. ಬದಲಾಗದ ಪಟ್ಟಿಯಲ್ಲಿ ಮೊದಲು ಬರೆದದ್ದು: ಮಾವ. ಒಂದು ತಟ್ಟೆ, ಒಂದು ಲೋಟ, ಬಚ್ಚಲು. ದಿನವೂ ಅಷ್ಟೇ. ಅವರ ಬಗ್ಗೆ ಒಂದು ಕ್ಷಣವೂ ಯೋಚಿಸಲಿಲ್ಲ.

ಲೆಕ್ಕದ ಪ್ರಕಾರ ಹಗಲಿಗೆ ಹದಿನಾಲ್ಕು ಸೆಂಟಿಮೀಟರ್ ಇಳಿಯಬೇಕು. ಬಹಳ ದಿನ ಹದಿಮೂರು, ಹದಿನಾಲ್ಕು, ಹದಿನೈದು. ಆದರೆ ಕೆಲವು ದಿನ ಇಪ್ಪತ್ತಮೂರು. ಒಂಬತ್ತು ಹೆಚ್ಚು. ಎಂಟೂ ಅಲ್ಲ, ಹತ್ತೂ ಅಲ್ಲ. ಅಂದರೆ ಸುಮಾರು ಐವತ್ತು ಲೀಟರ್ ಎತ್ತಲೋ ಹೋಗುತ್ತಿತ್ತು.

"ನೀನು ತಲೆಗೆ ನೀರು ಹಾಕ್ಕೊತಿದ್ದೀಯಾ, ಮಧ್ಯಾಹ್ನ ಬಂದು?" ಎಂದು ಮಗಳನ್ನು ಕೇಳಿದೆ.

"ಈ ಚಳೀಲಾ? ನಂಗೇನು ಹುಚ್ಚಾ?"

"ಮತ್ತೆ ನೀರೆಲ್ಲಿ ಹೋಯ್ತು?"

"ಮನೇಲಿ ಏನು ಹೆಚ್ಚುಕಮ್ಮಿ ಆದ್ರೂ ನಾನೇ ಸಿಗೋದು!" ರೇಗಿದಳು. ಮಾರನೆಯ ದಿನದಿಂದ ಮೂರೂವರೆಗೆ ಮನೆಗೆ ಬಂದ ಕೂಡಲೇ ಚೀಲ ಕೆಳಗಿಡುವ ಮೊದಲೇ ಮಾಳಿಗೆಗೆ ಹೋಗಿ ತಾನೂ ಅಳೆದು ಗೋಡೆ ಮೇಲೆ ಬರೆದಳು. ನೀರು ಹೋಗುತ್ತಿದ್ದುದು ಅವಳು ಬರುವ ಮುಂಚೆ.

"ಮಾವ, ಮಧ್ಯಾಹ್ನ ನಲ್ಲಿ ಏನಾದ್ರೂ ಬಿಟ್ಟಿರ್ತೀರಾ?"

"ನಾನೊಂದು ತಟ್ಟೆ ತೊಳೀತೀನಿ, ಅಷ್ಟೇ," ಎಂದರು, ಪತ್ರಿಕೆಯಿಂದ ಕಣ್ಣು ತೆಗೆಯದೆ. "ಪೈಪ್ ಸೋರ್ತಿರಬೇಕು ನೋಡು."

ಅವರು ಅಳತೆಯಲ್ಲಿ ಸುಳ್ಳು ಹೇಳುವವರಲ್ಲ. ಹಾಗಾಗಿ ಪೈಪು ಸೋರುತ್ತಿತ್ತು. ಗಂಡ ಭಾನುವಾರ ಪೂರ್ತಿ ಮಾಳಿಗೆ ಮೇಲೆ ಕಳೆದರು; ವಾಷರ್ ಬದಲಿಸಿದರು, ಕೀಲುಗಳಿಗೆಲ್ಲ ಟೇಪು ಸುತ್ತಿದರು, ಇಳಿದು ಬರುವಾಗ ಮೊಣಕಾಲು ತರಚಿಕೊಂಡರು.

"ಸೋರಿಕೆ ಇಲ್ಲ, ಮಣ್ಣೂ ಇಲ್ಲ. ನಿನ್ನ ಕೋಲೇ ಸುಳ್ಳು ಹೇಳ್ತಿರಬೇಕು."

"ಕೋಲು ಸರಿ ಇದೆ ಕಣೋ," ಎಂದರು ಮಾವ, ಸ್ವಲ್ಪ ಗಟ್ಟಿಯಾಗಿಯೇ.

ಏಳನೇ ವಾರ ಕಂಡುಹಿಡಿದೆ. ಕಚೇರಿಯಲ್ಲಿ ದಿನವೂ ಹಿಂದಿನ ರಾತ್ರಿಯ ಕನಿಷ್ಠ ತಾಪ ಬರೆದಿಡುತ್ತೇವೆ. ಆ ಕಾಲಂ ತಂದು ನನ್ನ ಅಂಕಿಗಳ ಪಕ್ಕ ಇಟ್ಟೆ. ತಾಪ ಹನ್ನೆರಡು ಡಿಗ್ರಿಗಿಂತ ಕೆಳಗಿಳಿದ ರಾತ್ರಿಯ ಮರುದಿನ, ಹೆಚ್ಚೂಕಡಿಮೆ ಪ್ರತಿ ಸಲ, ಒಂಬತ್ತು ಸೆಂಟಿಮೀಟರ್. ಸ್ಪ್ರೆಡ್‌ಶೀಟಿನಲ್ಲಿ ಚುಕ್ಕಿಗಳು ಎರಡು ಗುಂಪಾಗಿ ನಿಂತವು. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ಯಾರೂ ಹೇಳಿಕೊಡದೆ ನಾನಾಗಿ ಕಂಡದ್ದು ಅದು.

ಊಟಕ್ಕೆ ಎಲ್ಲರೂ ಕೂತಾಗ ಕಾಗದ ಬಿಡಿಸಿ ತೋರಿಸಿದೆ. "ಚಳಿ ಬಿದ್ದ ಮರುದಿನ ನಮ್ಮನೇಲಿ ಐವತ್ತು ಲೀಟರ್ ಜಾಸ್ತಿ ಹೋಗುತ್ತೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರೂವರೆ ಒಳಗೆ. ಇವತ್ತು ರಾತ್ರಿ ಹತ್ತು ಡಿಗ್ರಿ ಅಂತ ಹವಾಮಾನದವರು ಹೇಳಿದ್ದಾರೆ. ನೋಡ್ತಿರಿ, ನಾಳೆ ಇಪ್ಪತ್ತಮೂರು ಇಳಿಯುತ್ತೆ."

"ಬಿಸಿಲಿಗೆ ಜಾಸ್ತಿ ಹೋಗೋದು ಕೇಳಿದ್ದೀನಿ, ಚಳಿಗಾ?" ಗಂಡ ನಕ್ಕರು.

"ತಾತ ಯಾರಿಗೂ ಗೊತ್ತಾಗದ ಹಾಗೆ ಬಿಸಿನೀರಲ್ಲಿ ಈಜ್ತಿರಬೇಕು," ಎಂದಳು ಮಗಳು. "ಅಲ್ವಾ ತಾತ? ಇನ್ಮೇಲೆ ಅಮ್ಮ ಹಿಡ್ದುಬಿಡ್ತಾಳೆ."

ನಾನೂ ನಕ್ಕೆ. ಮಾವ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. "ಹೊಟ್ಟೆ ಸರಿ ಇಲ್ಲಮ್ಮ," ಎಂದು ಕೈತೊಳೆದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಹತ್ತು ಡಿಗ್ರಿಯೇ ಇತ್ತು. ಟ್ಯಾಂಕು ಹದಿನಾಲ್ಕು ಇಳಿದಿತ್ತು. ಅದರ ಮರುದಿನ ಒಂಬತ್ತು ಡಿಗ್ರಿ, ಹದಿನಾಲ್ಕು. ಮೂರನೆಯ ದಿನ, ನಾಲ್ಕನೆಯ ದಿನ, ಹಾಗೇ.

"ಅಮ್ಮನ ಸಿದ್ಧಾಂತ ನೆಗೆದುಬಿತ್ತು!" ಎಂದು ಮಗಳು ಗೋಡೆ ಮೇಲೆ ನಗುವ ಮುಖ ಬರೆದಳು.

ನಾನು ಎಲ್ಲ ಕೂಡುವುದನ್ನೂ ಕಳೆಯುವುದನ್ನೂ ಮತ್ತೆ ಮಾಡಿದೆ. ತಪ್ಪು ಸಿಗಲಿಲ್ಲ. ಭಾನುವಾರ ಹಾಸಿಗೆ ಬಟ್ಟೆಗಳನ್ನು ಒಗೆಯಲು ತೆಗೆಯುವಾಗ ಮಾವನ ಕೋಣೆಯ ಹತ್ತಿರ ಹೋದೆ.

"ನಂದು ಈ ವಾರ ಬೇಡಮ್ಮ, ಚೆನ್ನಾಗೇ ಇದೆ," ಎಂದರು ಬಾಗಿಲಲ್ಲೇ ನಿಂತು. ಒಳಗಿನಿಂದ ಪೌಡರ್ ವಾಸನೆ ದಟ್ಟವಾಗಿ ಬರುತ್ತಿತ್ತು. ಅಂಥ ಚಳಿಯಲ್ಲೂ ಕಿಟಕಿ ತೆರೆದಿತ್ತು.

ಅವರು ಬ್ರೆಡ್ ತರಲು ಹೋದಾಗ ಒಳಗೆ ಹೋದೆ. ಹೊದಿಕೆಯನ್ನು ಎಂದಿನಂತೆ ನಾಲ್ಕೂ ಮೂಲೆ ಮಡಚಿ ಬಿಗಿಯಾಗಿ ಹಾಕಿದ್ದರು. ಎತ್ತಿದೆ. ಕೆಳಗಿನ ಚಾದರದ ಮೇಲೆ ಹಳದಿ ಅಂಚಿನ ಉಂಗುರಗಳು, ಒಂದರ ಮೇಲೊಂದು, ನಾಲ್ಕು. ನಡುವೆ ಇನ್ನೂ ಒದ್ದೆ. ಅದರಡಿಯಲ್ಲಿ ಅವರ ಹಳೆಯ ರೇನ್‌ಕೋಟು ಹಾಸಿತ್ತು, ಹೊಲಿಗೆ ಬಿಚ್ಚಿ ಅಗಲ ಮಾಡಿ.

ನೆನೆಸಲು ಒಂದು ಬಕೆಟ್, ಸೋಪು ತೆಗೆಯಲು ಒಂದು, ಜಾಲಿಸಲು ಒಂದು: ಐವತ್ತು ಲೀಟರ್.

ಒಗೆದುಹಾಕಿದರೆ ನನಗೆ ಗೊತ್ತಾಯಿತೆಂದು ಅವರಿಗೆ ಗೊತ್ತಾಗುತ್ತಿತ್ತು. ಹೊದಿಕೆಯನ್ನು ಮೊದಲಿನ ಹಾಗೆಯೇ ಹಾಕಲು ಹೋದೆ. ಅವರ ಹಾಗೆ ಮೂಲೆ ಮಡಚಲು ನನಗೆ ಮೂರು ಸಲ ಬೇಕಾಯಿತು. ಬೀದಿಯಲ್ಲಿ ಅವರ ಕೆಮ್ಮು ಕೇಳಿಸುವಷ್ಟರಲ್ಲಿ ಅಡುಗೆಮನೆಯಲ್ಲಿದ್ದೆ.

ಅಂದು ಊಟದ ಹೊತ್ತಿಗೆ ಹೇಳಿದೆ, "ಚಳಿಗೂ ನೀರಿಗೂ ಸಂಬಂಧ ಇಲ್ಲ. ತಪ್ಪು ಲೆಕ್ಕ ಹಾಕಿದ್ದೆ. ಪುಟ್ಟಿ, ನೀನಿನ್ನು ಮಧ್ಯಾಹ್ನ ಅಳೆಯೋದು ಬೇಡ."

"ಯಾಕೆ? ನಂಗೆ ಮಜಾ ಬರ್ತಿತ್ತು."

"ಬೇಡ ಅಂದೆನಲ್ಲ."

"ಎಂಟು ವಾರದಿಂದ ತಣ್ಣಗಿರೋ ಊಟ ತಿಂದು, ಮೊಣಕಾಲು ಒಡ್ಕೊಂಡು, ಕೊನೆಗೆ ತಪ್ಪು ಲೆಕ್ಕಾನಾ?" ಎಂದರು ಗಂಡ. "ಬೇರೆ ಏನಾದ್ರೂ ಅಳೆ. ಇನ್ನೂ ಎರಡು ವಾರ ಇದೆಯಲ್ಲ. ಆ ಕೆಲಸ ಹೋದ್ರೆ ಇನ್ನೊಂದು ಎಲ್ಲಿಂದ ತರ್ತೀಯ ಈ ವಯಸ್ಸಲ್ಲಿ?"

ಮಾವ ನೀರು ಕುಡಿದರು, ಬಹಳ ನಿಧಾನವಾಗಿ, ಅರ್ಧ ಲೋಟ.

ಎರಡು ದಿನದ ಬಳಿಕ ಹನ್ನೊಂದು ಡಿಗ್ರಿ ಇತ್ತು. ಸಂಜೆ ಟ್ಯಾಂಕು ಇಪ್ಪತ್ತಮೂರು ಇಳಿದಿತ್ತು. ಮಾಳಿಗೆ ಮೇಲೆ ಗಾಳಿ ಬೀಸುತ್ತಿತ್ತು. ಅಂಕಿ ಬರೆದುಕೊಂಡು, ಯಾರಿಗೂ ಹೇಳದೆ ಕೆಳಗಿಳಿದೆ. ಆಮೇಲಿನ ಐದೂ ಚಳಿಯ ದಿನ ಮಾದರಿ ಹೇಳಿದಂತೆಯೇ ಬಂತು. ಆದರೆ ನಡುವೆ ಆ ನಾಲ್ಕು ದಿನ ಕಲ್ಲಿನಂತೆ ಕೂತಿದ್ದವು.

ಪರೀಕ್ಷೆಯ ಹಿಂದಿನ ಸಂಜೆ ಮಗಳು ಪರದೆಯ ಮೇಲೆ ಬಗ್ಗಿ ನೋಡಿದಳು. "ಇದು ಸರಿಯಾಗೇ ಇದೆಯಲ್ಲಮ್ಮ! ತಪ್ಪು ಅಂದ್ಯಲ್ಲ? ಈ ನಾಲ್ಕು ಚುಕ್ಕಿ ಅಳಿಸಿಬಿಡು, ಅಷ್ಟೇ. ಕಾರಣ ಕೇಳಿದ್ರೆ ಚಳಿಗೆ ಜಾಸ್ತಿ ಬಿಸಿನೀರು ಬಳಸ್ತಾರೆ ಅನ್ನು. ಪಾಸು!"

"ಅಳಿಸೋ ಹಾಗಿಲ್ಲ."

"ಯಾರಿಗೆ ಗೊತ್ತಾಗುತ್ತೆ?"

ಹದಿನೆಂಟು ವರ್ಷದಲ್ಲಿ ನಾನು ಬರೆದ ಅಂಕಿಯನ್ನು ಅಳಿಸಿದವಳಲ್ಲ. ನಮ್ಮ ಕೆಲಸದಲ್ಲಿ ಒಂದು ಅಂಕಿ ಅಳಿಸಿದರೆ ಆ ನೀರನ್ನು ಯಾವುದೋ ಮನೆಯಲ್ಲಿ ಯಾರೋ ಕುಡಿಯುತ್ತಾರೆ. ಇದನ್ನು ಅವಳಿಗೆ ಹೇಳಿದೆ.

"ನಮ್ಮ ಟ್ಯಾಂಕಿನ ನೀರನ್ನ ನಾವೇ ಕುಡಿಯೋದು," ಎಂದಳು. "ನಿಂಗೆ ಪಾಸಾಗೋದು ಬೇಕಿಲ್ಲ."

ಬೇಕಿತ್ತು.

ಪರೀಕ್ಷಕರಲ್ಲಿ ಹಿರಿಯವರು ಕನ್ನಡಕ ಹಣೆಗೇರಿಸಿ ನನ್ನ ಗ್ರಾಫನ್ನು ತುಂಬ ಹೊತ್ತು ನೋಡಿದರು. "ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಪ್ರವೇಶ ಪರೀಕ್ಷೇಲಿ ಎಂಟು ತಗೊಂಡವರು ನೀವೇನಾ?"

"ಹೌದು ಸರ್."

"ಚಳಿಗೆ ಬಿಸಿನೀರು ಜಾಸ್ತಿ ಬೇಕಾಗುತ್ತೆ ಅಂತಾನಾ?"

ಹೌದೆನ್ನಬಹುದಿತ್ತು. ಆದರೆ ಅವರ ಬೆರಳು ಆಗಲೇ ಆ ನಾಲ್ಕು ಚುಕ್ಕಿಗಳ ಮೇಲಿತ್ತು. "ಹಾಗಿದ್ರೆ ಈ ನಾಲ್ಕು ದಿನ ಯಾಕಿಲ್ಲ? ಇವು ಎಲ್ಲಕ್ಕಿಂತ ಚಳಿ ಇದ್ದ ದಿನಗಳು."

"ಬಿಸಿನೀರಲ್ಲ ಸರ್."

"ಮತ್ತೆ?"

ಕಿಟಕಿಯ ಹೊರಗೆ ಯಂತ್ರಗಳ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು.

"ಗೊತ್ತಿಲ್ವಾ, ಹೇಳೋಕಾಗಲ್ವಾ?"

"ಹೇಳೋಕಾಗಲ್ಲ."

ಇನ್ನೊಬ್ಬ ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ಕಾರಣ ಇಲ್ಲದೆ ಇದ್ರೆ ಇದು ಕಾಕತಾಳೀಯ. ಮಾದರಿ ಆಗಲ್ಲಮ್ಮ. ಊರಿಗೆಲ್ಲ ನೀರು ಕೊಡೋ ವಿಭಾಗ ಇದು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅರ್ಧ ಗಂಟೆಯ ನಂತರ ಇಬ್ಬರ ಹೆಸರು ಓದಿದರು. ತರಬೇತಿಯ ಮೇಡಂ ನನ್ನ ಹಿಂದೆಯೇ ಹೊರಗೆ ಬಂದು, "ಏನಾದ್ರೂ ಒಂದು ಹೇಳಿಬಿಡಬಾರದಿತ್ತಾ?" ಎಂದರು. ಅವರ ಕಣ್ಣು ತುಂಬಿದ್ದು ನೋಡಿ ನಾನೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಮನೆಗೆ ಬಂದಾಗ ಮೂರು ಗಂಟೆ. ಆ ಹೊತ್ತಿನ ಮನೆಯನ್ನು ನಾನು ಕೆಲಸದ ದಿನಗಳಲ್ಲಿ ನೋಡಿಯೇ ಇರಲಿಲ್ಲ. ಬಾಗಿಲ ಹತ್ತಿರ ಬಂದಾಗ ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತೆ. ಬಟ್ಟೆ ಕಲ್ಲಿಗೆ ಬಡಿಯುವ ಸದ್ದು, ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುವುದು, ಮತ್ತೆ ಸದ್ದು. ಎರಡನೇ ಬಕೆಟ್ ಮುಗಿಯಿತು. ಮೂರನೆಯದು ತುಂಬತೊಡಗಿತು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು, "ಏನ್ ಬಾಟಲಿ ಮೇಡಂ, ಬೀಗದಕೈ ಮರೆತ್ರಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ.

ಬಾಗಿಲು ತೆರೆಯಿತು. ಮಾವ ಎರಡೂ ಕೈಯಲ್ಲಿ ಬಕೆಟ್ ಹಿಡಿದು ನಿಂತಿದ್ದರು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ.

"ಎಷ್ಟೊತ್ತಾಯ್ತು ಬಂದು?"

"ಈಗ್ಲೇ."

"ಪಾಸಾಯ್ತಾ?"

"ಇಲ್ಲ ಮಾವ."

ಬಕೆಟ್ಟನ್ನು ಕೆಳಗಿಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. "ಎಲ್ಲಿ ಸಿಕ್ಕಿಹಾಕ್ಕೊಂಡೆ?"

"ಕಾರಣ ಕೇಳಿದ್ರು."

"ಏನಂದೆ?"

"ಹೇಳೋಕಾಗಲ್ಲ ಅಂದೆ."

ಬಕೆಟ್ಟಿನ ಅಂಚಿನಿಂದ ನೀರು ಅವರ ಪಾದದ ಮೇಲೆ ಹನಿಯುತ್ತಿತ್ತು.

"ಮೆಟ್ಲು ಹತ್ತೋಷ್ಟರಲ್ಲಿ ಸಾಕಾಗಿಹೋಗುತ್ತೆ," ಎಂದರು ಕೊನೆಗೆ. "ಆ ಕಡೆ ಹಿಡ್ಕೊ."

ಹಿಡಿಕೆಯ ಒಂದು ಬದಿ ಅವರು, ಒಂದು ಬದಿ ನಾನು. ಮಾಳಿಗೆಯ ಮೇಲೆ ಚಾದರದ ಒಂದು ತುದಿ ನನ್ನ ಕೈಗೆ ಕೊಟ್ಟು, ತಾವು ಇನ್ನೊಂದು ತುದಿ ಹಿಡಿದು ಹಿಂಡಿದರು. ಬಟ್ಟೆ ಹಿಡಿದ ಕೂಡಲೇ ಅವರ ಕೈಗೆ ವಯಸ್ಸು ಮರೆತುಹೋಗುತ್ತಿತ್ತು. ನನ್ನ ಕೈಯೇ ಎರಡು ಸಲ ಜಾರಿತು.

"ಇವತ್ತು ತಡ ಆಗೋಯ್ತು. ಇಷ್ಟು ದಿನ ಟ್ಯಾಂಕಿನ ಹಿಂದೆ ಹಾಕ್ತಿದ್ದೆ," ಎಂದರು. "ಪುಟ್ಟಿ ಬರೋ ಮುಂಚೆ ತೆಗೆದು, ಒಣಗದಿದ್ರೂ ಹಾಸ್ಕೊಂಡ್‌ಬಿಡ್ತಿದ್ದೆ."

"ಇವತ್ತು ಮುಂದಿನ ತಂತಿಗೆ ಹಾಕೋಣ. ಅಲ್ಲಿ ಬಿಸಿಲಿದೆ. ನನ್ನ ಚಾದರ ಅಂತ ಹೇಳ್ತೀನಿ."

"ದಿನಾ ಹೇಳ್ತೀಯಾ?"

ನಾನು ಕ್ಲಿಪ್ಪು ಹಾಕತೊಡಗಿದೆ. ಕೆಳಗೆ ಗೇಟಿನ ಸದ್ದಾಯಿತು. ಮಗಳು ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಅಮ್ಮಾ! ಬಂದಿದ್ದೀಯಾ? ಪಾಸಾ?"

ಮಾವ ನನ್ನ ಮುಖ ನೋಡಲಿಲ್ಲ. ಮಾಳಿಗೆಯ ಅಂಚಿಗೆ ಹೋಗಿ ಗೋಡೆ ಹಿಡಿದು ಬಗ್ಗಿದರು.

"ಇಲ್ಲ ಪುಟ್ಟಿ," ಎಂದರು. "ಮೇಲೆ ಬಾ. ಯಾಕೆ ಅಂತ ನಾನು ಹೇಳ್ತೀನಿ."

ಬೇಡವೆನ್ನಲು ನಾನು ಬಾಯಿ ತೆರೆದೆ. ಚಾದರದ ಇನ್ನೊಂದು ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು. ಮೆಟ್ಟಿಲ ಮೇಲೆ ಆಗಲೇ ಅವಳ ಚಪ್ಪಲಿಯ ಸದ್ದು, ಎರಡೆರಡು ಮೆಟ್ಟಿಲು ಒಟ್ಟಿಗೆ.